ಸಮುರಾಯ್‌ಗಳನ್ನು ಸೋಲಿಸಿದವರು ಯಾರು?

ನಾನು ಜಪಾನಿನ ಇತಿಹಾಸ ಓದುತ್ತೇನೆಂದು ತಿಳಿದವರಲ್ಲಿ ಹೆಚ್ಚಿನವರು ಒಂದೇ ಪ್ರಶ್ನೆ ಕೇಳುತ್ತಾರೆ: ಅಷ್ಟು ಶೂರರೂ ಸಾವಿಗೆ ಅಂಜದವರೂ ಆಗಿದ್ದ ಸಮುರಾಯ್‌ಗಳನ್ನು ಕೊನೆಗೆ ಸೋಲಿಸಿದವರು ಯಾರು? ಅಮೆರಿಕದ ಹಡಗುಗಳ ಎದುರೋ ಫಿರಂಗಿಗಳ ಎದುರೋ ಕತ್ತಿ ಹಿಡಿದು ನುಗ್ಗಿ ಅವರೆಲ್ಲ ಅಳಿದುಹೋದರೆಂಬ ಕಲ್ಪನೆ ಸಿನಿಮಾಗಳಿಂದಾಗಿ ನಮ್ಮಲ್ಲಿ ಬೇರೂರಿದೆ. ನನ್ನ ಉತ್ತರ ಬೇರೆ. ಆ ವರ್ಗವನ್ನು ಹೊರಗಿನ ಯಾವ ಶತ್ರುವೂ ಅಳಿಸಲಿಲ್ಲ. 1870ರ ದಶಕದಲ್ಲಿ, ಬಹುಪಾಲು ಸಮುರಾಯ್ ಮನೆತನಗಳಿಂದಲೇ ಬಂದಿದ್ದ ಮಂತ್ರಿಗಳು, ಸಮುರಾಯ್‌ಗಳಿಗೆ ವಂಶಪಾರಂಪರ್ಯವಾಗಿ ಸಲ್ಲುತ್ತಿದ್ದ ಸಂಬಳವನ್ನು ರದ್ದು ಮಾಡಿದರು. ಲಕ್ಷಾಂತರ ಆಯುಧಧಾರಿಗಳ ಒಂದು ವರ್ಗವನ್ನು ಸರ್ಕಾರಿ ಆದೇಶವೊಂದು ಹೇಗೆ ಮುಗಿಸಿತು ಎಂಬುದು ಅರ್ಥವಾಗಬೇಕಾದರೆ ಅವರ ಕತ್ತಿಗಿಂತ ಮೊದಲು ಅವರ ಅನ್ನದ ಮೂಲವನ್ನು ನೋಡಬೇಕು.

ಆ ಮೂಲ ಮೊದಲಿಗೆ ಭೂಮಿಯಾಗಿತ್ತು. 10ನೇ ಶತಮಾನದಿಂದೀಚೆಗೆ ಕ್ಯೋಟೊದ ಅರಮನೆಯ ಹಿಡಿತ ಸಡಿಲವಾಗಿದ್ದ ದೂರದ ಪ್ರಾಂತ್ಯಗಳಲ್ಲಿ, ಅದರಲ್ಲೂ ಈಗಿನ ಟೋಕಿಯೊದ ಸುತ್ತಲಿರುವ ಕಾಂತೊ ಬಯಲಿನಲ್ಲಿ, ಜಮೀನು ಕಾಯುವ, ಕಂದಾಯ ಎತ್ತುವ, ಬೇಕಾದಾಗ ಕಾದಾಡುವ ಮನೆತನಗಳು ಬೆಳೆದವು. ಕುದುರೆಯ ಮೇಲಿಂದ ಬಾಣ ಬಿಡುವುದು ಅವರ ಮುಖ್ಯ ವಿದ್ಯೆಯಾಗಿತ್ತು; ಕತ್ತಿಗೆ ಆಗ ಎರಡನೆಯ ಸ್ಥಾನ. 1185ರಲ್ಲಿ ದಾನ್‌ನೊಉರದ ಸಮುದ್ರಯುದ್ಧದಲ್ಲಿ ತೈರಾ ಮನೆತನವನ್ನು ನಿರ್ಮೂಲ ಮಾಡಿದ ಮಿನಮೊತೊ ಬಣದ ನಾಯಕ ಯೊರಿತೊಮೊ 1192ರಲ್ಲಿ ಶೋಗುನ್ (ಯೋಧರ ಸರ್ವೋಚ್ಚ ನಾಯಕ) ಆದ ಮೇಲೆ ಕಾಮಾಕುರಾದಲ್ಲಿ ಯೋಧರದೇ ಒಂದು ಆಡಳಿತ ನೆಲೆಗೊಂಡಿತು. ನಿಷ್ಠೆಯಿಂದ ಕಾದಿದವನಿಗೆ ಜಮೀನಿನ ಹಕ್ಕನ್ನು ಉಂಬಳಿಯಾಗಿ ಕೊಡುವುದೇ ಆ ಆಡಳಿತದ ಅಡಿಪಾಯ.

ಈ ಕೊಡುಕೊಳ್ಳುವಿಕೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವವನು ತಾಕೆಜಾಕಿ ಸುಎನಾಗಾ ಎಂಬ ಯೋಧ. ಈಗಿನ ಕುಮಾಮೊತೊ ಪ್ರದೇಶದ ಈತ 1274ರಲ್ಲಿ ಮಂಗೋಲರ ಸೈನ್ಯ ಹಕಾತಾ ಕೊಲ್ಲಿಗೆ ಬಂದಿಳಿದಾಗ ಬೆರಳೆಣಿಕೆಯ ಸವಾರರೊಂದಿಗೆ ಮುನ್ನುಗ್ಗಿ ಗಾಯಗೊಂಡ. ಅವನ ಕುದುರೆಗೂ ಬಾಣ ತಗುಲಿತು. ಆದರೆ ಮುಂಚೂಣಿಯಲ್ಲಿ ಕಾದಿದ ಅವನ ಹೆಸರು ಕಾಮಾಕುರಾವನ್ನು ತಲುಪಲಿಲ್ಲ, ಬಹುಮಾನವೂ ಬರಲಿಲ್ಲ. ಮರುವರ್ಷ ಅವನು ದಾರಿಖರ್ಚಿಗಾಗಿ ಕುದುರೆಯನ್ನೂ ಜೀನನ್ನೂ ಮಾರಿ, ಕ್ಯೂಶು ದ್ವೀಪದಿಂದ ಕಾಮಾಕುರಾದವರೆಗೆ ಹೋಗಿ, ಅಲ್ಲಿ ಅಧಿಕಾರಿಗಳ ಬಾಗಿಲು ಕಾದು, ಕೊನೆಗೆ ಅದಾಚಿ ಯಾಸುಮೊರಿ ಎಂಬ ಹಿರಿಯ ಅಧಿಕಾರಿಯ ಮುಂದೆ ತನ್ನ ಅಹವಾಲು ಹೇಳಿಕೊಂಡ. ಜಮೀನಿನ ಅಧಿಕಾರವೂ ಒಂದು ಕುದುರೆಯೂ ಸಿಕ್ಕವು. ಮುಂದೆ ಅವನು ತನ್ನ ಕಾಳಗದ ಜೊತೆಗೆ ಈ ಅಹವಾಲಿನ ಪ್ರಸಂಗವನ್ನೂ ಚಿತ್ರಸುರುಳಿಯಲ್ಲಿ ಬರೆಯಿಸಿದ. ಅವನ ತಲೆಯ ಮೇಲೆ ಮಂಗೋಲರ ಸಿಡಿಗುಂಡು ಒಡೆಯುವ, ಕುದುರೆ ರಕ್ತ ಕಾರುವ ಚಿತ್ರವನ್ನು ಎಲ್ಲರೂ ನೋಡಿರುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಹೇಳುವುದು ಅದೇ ಸುರುಳಿಯಲ್ಲಿ ಅವನು ಅಧಿಕಾರಿಯ ಮುಂದೆ ಕುಳಿತು ಅಹವಾಲು ಹೇಳಿಕೊಳ್ಳುವ ಚಿತ್ರ. ತನ್ನ ಸೇವೆಗೆ ನ್ಯಾಯವಾಗಿ ಸಲ್ಲಬೇಕಾದುದನ್ನು ಕೇಳುವುದರಲ್ಲಿ ಆ ಕಾಲದ ಯೋಧನಿಗೆ ಯಾವ ನಾಚಿಕೆಯೂ ಇರಲಿಲ್ಲ.

ಎಲ್ಲರಿಗೂ ಸುಎನಾಗಾನ ಅದೃಷ್ಟವಿರಲಿಲ್ಲ. ಮಂಗೋಲರು 1281ರಲ್ಲಿ ಮತ್ತೆ ಬಂದು ಮತ್ತೆ ಹಿಂದಿರುಗಿದರು. ಆದರೆ ಹೊರಗಿನಿಂದ ಬಂದವರನ್ನು ಓಡಿಸಿದ ಯುದ್ಧದಲ್ಲಿ ಗೆದ್ದುಕೊಂಡ ನೆಲವೇನೂ ಇರಲಿಲ್ಲವಾದ್ದರಿಂದ ಹಂಚುವುದಕ್ಕೂ ಏನೂ ಇರಲಿಲ್ಲ. ಮಕ್ಕಳ ನಡುವೆ ಪಾಲಾಗುತ್ತ ಬಂದ ಜಮೀನು ತುಂಡಾಗಿ, ಸಾಲಕ್ಕೆ ಅಡವು ಬಿದ್ದು, 1297ರಲ್ಲಿ ಶೋಗುನ್ ಸರ್ಕಾರ ತನ್ನ ಯೋಧರು ಮಾರಿದ ಜಮೀನುಗಳನ್ನು ಅವರಿಗೇ ಹಿಂದಿರುಗಿಸುವ ಆದೇಶ ಹೊರಡಿಸಬೇಕಾಯಿತು. 1333ರಲ್ಲಿ ಆ ಸರ್ಕಾರವೇ ಬಿದ್ದಿತು.

ಮುಂದಿನ ಎರಡು ಶತಮಾನಗಳ ಕಾಳಗಗಳನ್ನು ವಿವರವಾಗಿ ಹೇಳುವ ಅಗತ್ಯ ಇಲ್ಲಿಲ್ಲ. 1467ರ ನಂತರ ದೇಶವೆಲ್ಲ ಒಡೆದು ಪ್ರಾಂತ್ಯದೊಡೆಯರಾದ ದೈಮ್ಯೊಗಳ ಕಾದಾಟಕ್ಕೆ ಬಿದ್ದಾಗ, ಸಮುರಾಯ್‌ಗೂ ರೈತನಿಗೂ ನಡುವಿನ ಗೆರೆ ಬಹಳ ತೆಳುವಾಗಿತ್ತು. ಊರಿನಲ್ಲಿ ಗದ್ದೆ ಮಾಡುವವನೇ ಈಟಿ ಹಿಡಿದು ದಂಡಿಗೆ ಹೋಗುತ್ತಿದ್ದ. 1543ರಲ್ಲಿ ಪೋರ್ಚುಗೀಸರೊಂದಿಗೆ ತಾನೆಗಾಶಿಮಾ ದ್ವೀಪಕ್ಕೆ ಬಂದ ಬಂದೂಕನ್ನು ಸಮುರಾಯ್‌ಗಳು ತಿರಸ್ಕರಿಸಿದರೆಂಬುದು ಶುದ್ಧ ಕಟ್ಟುಕಥೆ. ಕೆಲವೇ ದಶಕಗಳಲ್ಲಿ ಜಪಾನಿನ ಕಮ್ಮಾರರು ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದರು, 1575ರ ನಾಗಶಿನೊ ಯುದ್ಧದಲ್ಲಿ ಓದಾ ನೊಬುನಾಗಾ ಎಂಬ ದೈಮ್ಯೊ ಅದನ್ನು ಬಳಸಿಯೇ ಗೆದ್ದ.

ನಿಜವಾದ ತಿರುವು ಬಂದದ್ದು ನೊಬುನಾಗಾನ ನಂತರ ದೇಶವನ್ನು ಒಗ್ಗೂಡಿಸಿದ ತೊಯೊತೊಮಿ ಹಿದೆಯೊಶಿಯ ಕಾಲದಲ್ಲಿ. ತಾನೇ ಬಡ ಹಳ್ಳಿಯ ಮನೆಯಿಂದ ಮೇಲೆ ಬಂದಿದ್ದ ಈತ 1588ರಲ್ಲಿ ರೈತರಿಂದ ಆಯುಧಗಳನ್ನೆಲ್ಲ ಕಿತ್ತುಕೊಂಡ, 1591ರಲ್ಲಿ ಯೋಧನು ರೈತನಾಗುವುದನ್ನೂ ರೈತನು ಹೊಲ ಬಿಟ್ಟು ವ್ಯಾಪಾರಿಯಾಗುವುದನ್ನೂ ನಿಷೇಧಿಸಿದ. ದೇಶದ ಗದ್ದೆಗಳನ್ನೆಲ್ಲ ಅಳೆಸಿ, ಪ್ರತಿಯೊಂದು ಪ್ರಾಂತ್ಯದ ಬೆಲೆಯನ್ನು ಅಕ್ಕಿಯ ಲೆಕ್ಕದಲ್ಲಿ, ಕೊಕು ಎಂಬ ಅಳತೆಯಲ್ಲಿ, ಬರೆಸಿದ. ಒಂದು ಕೊಕು ಎಂದರೆ ಸುಮಾರು 150 ಕಿಲೊ ಅಕ್ಕಿ, ಒಬ್ಬ ಮನುಷ್ಯನ ವರ್ಷದ ಊಟ. 1600ರ ಸೆಕಿಗಾಹಾರಾ ಯುದ್ಧದಲ್ಲಿ ಗೆದ್ದು 1603ರಲ್ಲಿ ಶೋಗುನ್ ಆದ ತೊಕುಗಾವಾ ಇಎಯಾಸು ಮತ್ತು ಅವನ ವಂಶದವರ ಕಾಲದಲ್ಲಿ ಈ ವ್ಯವಸ್ಥೆ ಗಟ್ಟಿಯಾಯಿತು. ಬಹುತೇಕ ಸಮುರಾಯ್‌ಗಳು ಹಳ್ಳಿ ಬಿಟ್ಟು ಕೋಟೆಯ ಸುತ್ತ ಬೆಳೆದ ಪಟ್ಟಣಗಳಿಗೆ ಬಂದು ನೆಲೆಸಿದರು. ಅವರ ಜಮೀನು ಹೋಗಿ, ಒಡೆಯನ ಕಣಜದಿಂದ ವರ್ಷ ವರ್ಷ ಬರುವ ಅಕ್ಕಿಯ ಸಂಬಳ ಉಳಿಯಿತು. ಉಂಬಳಿ ಉಳ್ಳವನು ಒಡೆಯನನ್ನು ಎದುರಿಸಿಯೂ ಬದುಕಬಲ್ಲ, ಆದರೆ ಕಣಜದ ಅಕ್ಕಿಯನ್ನು ನಂಬಿದವನಿಗೆ ಆ ಅವಕಾಶವಿಲ್ಲ. ಸಮುರಾಯ್‌ಗಳ ಕೊನೆ ಆಗಲೇ ನಿರ್ಧಾರವಾಗಿತ್ತೆಂದು ನಾನು ನಂಬುತ್ತೇನೆ.

1638ರಲ್ಲಿ ಕ್ಯೂಶುವಿನ ಶಿಮಾಬಾರಾದ ರೈತರ ದಂಗೆ ಅಡಗಿದ ಮೇಲೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಜಪಾನಿನಲ್ಲಿ ದೊಡ್ಡ ಯುದ್ಧವೇ ನಡೆಯಲಿಲ್ಲ. ತಂದೆ, ಮಗ, ಮೊಮ್ಮಗ ಎಂದು ಏಳೆಂಟು ತಲೆಮಾರಿನ ಸಮುರಾಯ್‌ಗಳು ರಣರಂಗವನ್ನೇ ನೋಡದೆ ಹುಟ್ಟಿ ಸತ್ತರು. ಸೊಂಟದಲ್ಲಿ ಉದ್ದದ್ದೊಂದು ಗಿಡ್ಡದ್ದೊಂದು ಎರಡು ಕತ್ತಿ ಸಿಕ್ಕಿಸಿಕೊಂಡು ಅವರು ಮಾಡುತ್ತಿದ್ದದ್ದು ಕಚೇರಿ ಕೆಲಸ: ಕಂದಾಯದ ಕಡತ, ಕಾಲುವೆಯ ದುರಸ್ತಿ, ಹೆಬ್ಬಾಗಿಲಿನ ಪಹರೆ, ಒಡೆಯನು ವರ್ಷ ಬಿಟ್ಟು ವರ್ಷ ಶೋಗುನ್ ಇದ್ದ ಎದೊ ನಗರಕ್ಕೆ ಹೋಗುವಾಗ ಮೆರವಣಿಗೆಯಲ್ಲಿ ನಡೆಯುವುದು. ಕೆಲಸಗಳಿಗಿಂತ ಸಮುರಾಯ್‌ಗಳೇ ಹೆಚ್ಚಿದ್ದುದರಿಂದ ಒಂದೇ ಹುದ್ದೆಯನ್ನು ಹಲವರು ಸರದಿಯ ಮೇಲೆ ನಿರ್ವಹಿಸುವುದೂ ಇತ್ತು.

ಎದೊದಲ್ಲಿ, ಅಂದರೆ ಈಗಿನ ಟೋಕಿಯೊದಲ್ಲಿ, ಪೇಟೆಯ ಕಾವಲು ನೋಡಿಕೊಳ್ಳುವ ಕೆಳದರ್ಜೆಯ ಸಮುರಾಯ್‌ನ ಸಂಬಳ ವರ್ಷಕ್ಕೆ 30 ಮೂಟೆ ಅಕ್ಕಿ ಮತ್ತು ಇಬ್ಬರ ದಿನದ ಪಡಿ. ಮೂಟೆಗೆ ಸುಮಾರು 50 ಕಿಲೊ. ಇದರಲ್ಲೇ ಮನೆಮಂದಿಯ ಊಟ, ಆಳಿನ ಕೂಲಿ, ಉಪ್ಪಿನಿಂದ ಬಟ್ಟೆಯವರೆಗಿನ ಎಲ್ಲ ಖರ್ಚು ಕಳೆಯಬೇಕು. ಶೋಗುನ್‌ನ ಕಣಜಗಳು ಸುಮಿದಾ ನದಿಯ ದಂಡೆಯ ಕುರಾಮಾಯೆಯಲ್ಲಿದ್ದವು. ವರ್ಷಕ್ಕೆ ಮೂರು ಕಂತುಗಳಲ್ಲಿ ಅಕ್ಕಿ ಬಟವಾಡೆಯಾಗುವ ದಿನ ಸಮುರಾಯ್‌ಗಳು ಅಲ್ಲಿಗೆ ಬಂದು, ತಮ್ಮ ಹೆಸರಿನ ಚೀಟಿಯನ್ನು ಹುಲ್ಲಿನ ಕಟ್ಟಿಗೆ ಸಿಕ್ಕಿಸಿ, ಸರದಿ ಬರುವವರೆಗೆ ಚಹಾದಂಗಡಿಯಲ್ಲಿ ಕೂರುತ್ತಿದ್ದರು. ಕ್ರಮೇಣ ಆ ಸುತ್ತಿನ ಅಂಗಡಿಕಾರರೇ ದಳ್ಳಾಳಿಗಳಾಗಿ, ಕಮಿಷನ್ ತೆಗೆದುಕೊಂಡು ಚೀಟಿ ಸಿಕ್ಕಿಸಿ ಅಕ್ಕಿ ಬಿಡಿಸಿ, ಮಾರಿ, ಹಣ ತಂದು ಕೊಡತೊಡಗಿದರು. ಮುಂದಿನ ಕಂತಿನ ಮೇಲೆ ಇಂದೇ ಸಾಲ ಕೊಡುವುದು ಅವರ ಮುಂದಿನ ಹೆಜ್ಜೆ. 1724ರಲ್ಲಿ ಸರ್ಕಾರದ ಪರವಾನಗಿ ಪಡೆದ ಇಂಥ ದಳ್ಳಾಳಿಗಳು 109 ಮಂದಿ. ಅಕ್ಕಿಯ ಬೆಲೆ ಇಳಿದು ಉಳಿದ ಸಾಮಾನುಗಳ ಬೆಲೆ ಏರಿದಂತೆಲ್ಲ ಸಂಬಳದ ಚೀಟಿ ವರ್ಷಗಟ್ಟಲೆ ಮುಂಗಡವಾಗಿ ಅವರ ಪೆಟ್ಟಿಗೆ ಸೇರುತ್ತಿತ್ತು. 1789ರಲ್ಲಿ ಮಂತ್ರಿ ಮಾತ್ಸುದೈರಾ ಸದಾನೊಬು ಹಳೆಯ ಸಾಲಗಳನ್ನು ಮನ್ನಾ ಮಾಡಿ, ಬಡ್ಡಿಯನ್ನು ವರ್ಷಕ್ಕೆ ನೂರಕ್ಕೆ ಹದಿನೆಂಟರಿಂದ ಹನ್ನೆರಡಕ್ಕೆ ಇಳಿಸಿದ. ಹೊಡೆತ ತಿಂದ ದಳ್ಳಾಳಿಗಳು ಹೊಸ ಸಾಲ ಕೊಡುವುದಕ್ಕೆ ಹಿಂದೇಟು ಹಾಕಿದರು, ಸಮುರಾಯ್‌ಗಳ ಕಷ್ಟ ಇನ್ನೂ ಹೆಚ್ಚಿತು.

ಹಾಗಾಗಿ ಮನೆಮನೆಯಲ್ಲೂ ಉಪಕಸುಬು ನಡೆಯುತ್ತಿತ್ತು. ಅಓಯಾಮಾದ ಸಮುರಾಯ್‌ಗಳು ಕಾಗದದ ಕೊಡೆ ಮಾಡುತ್ತಿದ್ದರು. ಓಕುಬೊದಲ್ಲಿ ನೆಲೆಸಿದ್ದ ಬಂದೂಕು ಪಡೆಯವರು ಅಜೇಲಿಯಾ ಹೂವಿನ ಗಿಡ ಬೆಳೆಸಿದರು, ಆ ಬಡಾವಣೆ ಅದಕ್ಕೇ ಹೆಸರುವಾಸಿಯಾಯಿತು. ಹೆಂಗಸರು ನೂತರು, ನೇಯ್ದರು, ಹೊಲಿದರು. ಈ ಬದುಕಿನ ಒಳಗನ್ನು ಅತ್ಯಂತ ಸ್ಪಷ್ಟವಾಗಿ ಬರೆದಿಟ್ಟವರು 1835ರಲ್ಲಿ ಹುಟ್ಟಿದ ಫುಕುಜಾವಾ ಯುಕಿಚಿ, ಮುಂದೆ ಜಪಾನಿನ ಹತ್ತು ಸಾವಿರ ಯೆನ್ ನೋಟಿನ ಮೇಲೆ ಬಂದ ಶಿಕ್ಷಣತಜ್ಞ. ಅವರ ತಂದೆ ನಾಕಾತ್ಸು ಪ್ರಾಂತ್ಯದ 13 ಕೊಕು ಸಂಬಳದ ಕೆಳದರ್ಜೆಯ ಸಮುರಾಯ್. ಒಡೆಯನಿಗಾಗಿ ಓಸಾಕಾದ ವರ್ತಕರಿಂದ ಸಾಲ ಎತ್ತುವುದು ಅವರ ನಿತ್ಯದ ಕೆಲಸ. ಹೀಗಿದ್ದೂ, ಗುರುವೊಬ್ಬ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಾನೆಂದು ಗೊತ್ತಾದಾಗ, ಎಣಿಕೆ ವ್ಯಾಪಾರಿಗಳ ವಿದ್ಯೆ ಎಂದು ಸಿಟ್ಟಾಗಿ ಮಕ್ಕಳನ್ನು ಶಾಲೆ ಬಿಡಿಸಿದರು. ಸುಮಾರು 1,500 ಸಮುರಾಯ್‌ಗಳಿದ್ದ ಆ ಪ್ರಾಂತ್ಯದಲ್ಲಿ ಮೇಲ್ದರ್ಜೆಯವರಿಗೂ ಕೆಳದರ್ಜೆಯವರಿಗೂ ಮದುವೆ ಸಂಬಂಧವಿರಲಿಲ್ಲ, ಆಡುವ ಮಾತಿನ ರೀತಿಯೂ ಬೇರೆ. ಅತಿ ಕೆಳಗಿನ ಕಾಲಾಳು ಮಳೆಯಲ್ಲಿ ಮೇಲ್ದರ್ಜೆಯವನೊಬ್ಬನನ್ನು ಎದುರಾದರೆ ಪಾದರಕ್ಷೆ ಕಳಚಿ ರಸ್ತೆಯ ಬದಿಯ ಕೆಸರಿನಲ್ಲಿ ಅಡ್ಡಬೀಳಬೇಕಿತ್ತು. ಸಮುರಾಯ್ ಎಂಬ ಒಂದೇ ಹೆಸರಿನ ಕೆಳಗೆ ಇಷ್ಟೊಂದು ಅಂತರವಿತ್ತೆಂಬುದನ್ನು ನಾವು ಮರೆಯಬಾರದು; ಆ ವರ್ಗದ ವ್ಯವಸ್ಥೆಯನ್ನು ಮುರಿಯುವ ಸಿಟ್ಟು ಹುಟ್ಟಿದ್ದೂ ಇಂಥ ಮನೆಗಳಲ್ಲೇ.

ಹಾಗಾದರೆ ಬುಶಿದೊ ಎಂಬ ಯೋಧಧರ್ಮ ಎಲ್ಲಿತ್ತು ಎಂದು ಕೇಳುತ್ತಾರೆ. ಸ್ವಾಮಿನಿಷ್ಠೆಯೂ ಮಾನದ ಭಯವೂ ನಿಜವಾಗಿ ಇದ್ದವು. 1701ರಲ್ಲಿ ಒಡೆಯನನ್ನು ಕಳೆದುಕೊಂಡು ಸುಮಾರು ಎರಡು ವರ್ಷದ ಬಳಿಕ ಸೇಡು ತೀರಿಸಿಕೊಂಡು, ಹೊಟ್ಟೆ ಸೀಳಿಕೊಂಡು ಸತ್ತ ಅಕೊ ಪ್ರಾಂತ್ಯದವರ ಪ್ರಸಂಗ ಇತಿಹಾಸವೇ. ಆದರೆ ಆ ಪ್ರಾಂತ್ಯದ ಮುನ್ನೂರಕ್ಕೂ ಹೆಚ್ಚು ಸಮುರಾಯ್‌ಗಳಲ್ಲಿ ಸೇಡಿಗೆ ನಿಂತವರು 47 ಮಂದಿ ಮಾತ್ರ. ಮಿಕ್ಕವರು ಬೇರೆ ದಾರಿ ನೋಡಿಕೊಂಡರು. ಸಾವನ್ನೇ ಯೋಧನ ದಾರಿಯೆಂದು ಸಾರುವ ಪ್ರಸಿದ್ಧ ಬರಹಗಳು ಹುಟ್ಟಿದ್ದು ಯುದ್ಧ ನಿಂತ ನಂತರದ ಶಾಂತಿಕಾಲದಲ್ಲಿ. ಜಗತ್ತಿಗೆ ಬುಶಿದೊವನ್ನು ಪರಿಚಯಿಸಿದ ನಿತೊಬೆ ಇನಾಜೊ ಅವರ ಇಂಗ್ಲಿಷ್ ಪುಸ್ತಕ ಬಂದದ್ದಂತೂ 1900ರ ಹೊತ್ತಿಗೆ. 1862ರಲ್ಲಿ ಹುಟ್ಟಿದ ಅವರಿಗೆ ಕತ್ತಿ ಧರಿಸುವುದು ನಿಷೇಧವಾದಾಗ ಹದಿನಾಲ್ಕರ ಆಸುಪಾಸಿನ ವಯಸ್ಸು.

1853ರಲ್ಲಿ ಅಮೆರಿಕದ ಹಡಗುಗಳು ಬಂದ ಮೇಲೆ ಶೋಗುನ್ ಸರ್ಕಾರದ ದೌರ್ಬಲ್ಯ ಬಯಲಾಯಿತು ಎಂಬುದು ನಿಜ. ಆದರೆ 1868ರಲ್ಲಿ ಅದನ್ನು ಕೆಡವಿದವರು ಸಾತ್ಸುಮಾ ಮತ್ತು ಚೋಶು ಪ್ರಾಂತ್ಯಗಳ ಸಮುರಾಯ್‌ಗಳು. ಐಜುವಿನಂಥ ಕಡೆ ಘೋರ ಕಾಳಗ ನಡೆಯಿತು. ಎದೊ ಕೋಟೆ ಮಾತ್ರ, ಕೆಳದರ್ಜೆಯ ಮನೆಗಳಿಂದ ಬಂದಿದ್ದ ಸಾತ್ಸುಮಾದ ಸೈಗೊ ತಾಕಾಮೊರಿ ಮತ್ತು ಶೋಗುನ್ ಕಡೆಯ ಕಾತ್ಸು ಕೈಶು ಕೂತು ಮಾತಾಡಿದ್ದರಿಂದ, ರಕ್ತ ಹರಿಯದೆ ಕೈಬದಲಾಯಿತು. ಹೊಸ ಸರ್ಕಾರ 1871ರಲ್ಲಿ ಪ್ರಾಂತ್ಯಗಳನ್ನೇ ರದ್ದು ಮಾಡಿತು. ಪ್ರಾಂತ್ಯದೊಂದಿಗೆ ಅದರ ಸಮುರಾಯ್‌ಗಳ ಸಂಬಳದ ಹೊಣೆಯೂ ಸರ್ಕಾರದ ತಲೆಗೆ ಬಂತು. ಕುಟುಂಬದವರನ್ನು ಸೇರಿಸಿದರೆ ಅವರು ಸುಮಾರು 19 ಲಕ್ಷ ಜನ, ಅಂದಿನ ಜನಸಂಖ್ಯೆಯ ನೂರಕ್ಕೆ ಆರು ಪಾಲು ಮಾತ್ರ. ಅವರಿಗಾಗಿ ಬೊಕ್ಕಸದ ಸುಮಾರು ಮೂರನೆಯ ಒಂದು ಭಾಗ ಖರ್ಚಾಗುತ್ತಿತ್ತು. 1873ರಲ್ಲಿ ಎಲ್ಲ ವರ್ಗದ ಗಂಡಸರಿಗೂ ಅನ್ವಯಿಸುವ ಕಡ್ಡಾಯ ಸೈನಿಕ ಸೇವೆಯ ಕಾನೂನು ಬಂದಾಗ, ಆ ಖರ್ಚಿಗೆ ಇದ್ದ ಕೊನೆಯ ಸಮರ್ಥನೆಯೂ ಹೋಯಿತು. ಆ ಕಾನೂನಿನ ಹಿಂದಿದ್ದ ಯಾಮಾಗಾತಾ ಅರಿತೊಮೊ ಚೋಶುವಿನ ಅತಿ ಕೆಳದರ್ಜೆಯ ಮನೆಯ ಮಗ.

1876ರ ಮಾರ್ಚ್‌ನಲ್ಲಿ ಸೈನಿಕರು, ಪೊಲೀಸರು ಮುಂತಾದವರ ಹೊರತು ಯಾರೂ ಕತ್ತಿ ಧರಿಸಿ ಓಡಾಡಕೂಡದೆಂಬ ಆದೇಶ ಹೊರಟಿತು. ಅದೇ ಆಗಸ್ಟ್‌ನಲ್ಲಿ ಸಂಬಳವನ್ನೆಲ್ಲ ನಿಲ್ಲಿಸಿ, ಬದಲಿಗೆ ಮೂರು ಲಕ್ಷಕ್ಕೂ ಹೆಚ್ಚು ಮಂದಿಗೆ ಒಟ್ಟು 17 ಕೋಟಿ ಯೆನ್‌ಗೂ ಮೀರಿದ ಸರ್ಕಾರಿ ಸಾಲಪತ್ರಗಳನ್ನು ಹಂಚಲಾಯಿತು. ದೈಮ್ಯೊಗಳು ಆ ಹಣ ಹೂಡಿ ಬ್ಯಾಂಕುಗಳ ಒಡೆಯರಾದರು. ಸಣ್ಣವನಿಗೆ ಬರುವ ಬಡ್ಡಿಯಿಂದ ಸಂಸಾರ ಸಾಗುವಂತಿರಲಿಲ್ಲ, ಬೆಲೆಯೇರಿಕೆ ಅದನ್ನೂ ಕರಗಿಸಿತು. ಆ ಶರತ್ಕಾಲದಲ್ಲಿ ಕುಮಾಮೊತೊ, ಅಕಿಜುಕಿ, ಹಾಗಿ ಊರುಗಳಲ್ಲಿ ದಂಗೆಗಳೆದ್ದು ಬೇಗನೆ ಅಡಗಿದವು. ದೊಡ್ಡ ಯುದ್ಧ ಎದ್ದದ್ದು 1877ರಲ್ಲಿ ಸಾತ್ಸುಮಾದಿಂದ, ಅದೇ ಸೈಗೊ ಈಗ ಹೊಸ ಸರ್ಕಾರದ ವಿರುದ್ಧ ಅದರ ನಾಯಕನಾಗಿದ್ದ, ಮತ್ತು ಅದು ಅಲ್ಲಿಂದಲೇ ಎದ್ದದ್ದಕ್ಕೆ ಕಾರಣವಿದೆ: ಆ ಪ್ರಾಂತ್ಯದ ಜನರಲ್ಲಿ ಸುಮಾರು ಕಾಲು ಭಾಗ ಸಮುರಾಯ್‌ಗಳು, ಅವರಲ್ಲಿ ಬಹಳ ಮಂದಿ ಹಳ್ಳಿಗಳಲ್ಲಿ ಹೊಲ ಮಾಡಿಕೊಂಡು ಉಳಿದವರು. ಬೇರೆಡೆಯವರು ಮುನ್ನೂರು ವರ್ಷದ ಹಿಂದೆ ಕಳೆದುಕೊಂಡಿದ್ದ ನೆಲ ಇವರ ಕಾಲ ಕೆಳಗೆ ಇನ್ನೂ ಇತ್ತು. ಅವರು ಬಂದೂಕು ಹಿಡಿದೇ ಕಾದಿದರು. ಕುಮಾಮೊತೊ ಕೋಟೆಯನ್ನು ಐವತ್ತು ದಿನಗಳಿಗೂ ಹೆಚ್ಚು ಕಾಲ ಮುತ್ತಿದರೂ ರೈತರ ಮಕ್ಕಳಿದ್ದ ಸರ್ಕಾರಿ ಪಡೆ ಅದನ್ನು ಬಿಟ್ಟುಕೊಡಲಿಲ್ಲ. ಸೆಪ್ಟೆಂಬರ್ 24ರಂದು ಕಾಗೊಶಿಮಾದ ಶಿರೊಯಾಮಾ ಗುಡ್ಡದಲ್ಲಿ ಸೈಗೊ ಸತ್ತ.

ದಂಗೆಯೆದ್ದವರು ಸ್ವಲ್ಪ ಜನ. ಉಳಿದವರು ಹೊಸ ಬದುಕು ಹುಡುಕಿಕೊಂಡರು, ಅವರ ಕಥೆಯನ್ನೇ ಯಾರೂ ಕೇಳುವುದಿಲ್ಲ ಎಂಬುದು ನನ್ನ ಬೇಸರ. ಸಾಲಪತ್ರ ಮಾರಿ ಅಂಗಡಿಯಿಟ್ಟು, ವ್ಯಾಪಾರ ತಿಳಿಯದೆ ಬಂಡವಾಳ ಕಳೆದುಕೊಂಡವರು ಎಷ್ಟೋ ಮಂದಿ. ಅನೇಕರು ಪೊಲೀಸರಾದರು, ಶಾಲಾ ಮೇಷ್ಟರಾದರು, ಹೊಕ್ಕೈದೊ ದ್ವೀಪದಲ್ಲಿ ಕಾಡು ಕಡಿದು ಬೇಸಾಯಕ್ಕಿಳಿದರು. 1872ರಲ್ಲಿ ತೊಮಿಒಕಾದಲ್ಲಿ ಆರಂಭವಾದ ಸರ್ಕಾರಿ ರೇಷ್ಮೆ ಕಾರ್ಖಾನೆಯಲ್ಲಿ ನೂಲು ಬಿಚ್ಚಲು ಬಂದವರಲ್ಲಿ ಸಮುರಾಯ್ ಮನೆಗಳ ಹೆಣ್ಣುಮಕ್ಕಳು ಗಣನೀಯ ಸಂಖ್ಯೆಯಲ್ಲಿದ್ದರು. ಕೊನೆಯ ಶೋಗುನ್‌ನ ಅಂಗರಕ್ಷಕರಾಗಿದ್ದವರಲ್ಲಿ ಒಂದು ಗುಂಪು 1869ರಲ್ಲಿ ಶಿಜುಒಕಾದ ಮಾಕಿನೊಹಾರಾ ಎಂಬ ಬರಡು ದಿಬ್ಬಕ್ಕೆ ಹೋಗಿ ಗುದ್ದಲಿ ಹಿಡಿದು ಚಹಾ ಗಿಡ ನೆಟ್ಟಿತು. ನೀರಿಗೂ ತತ್ವಾರವಿದ್ದ ಆ ನೆಲದಲ್ಲಿ ಬಹಳ ಮಂದಿ ಸೋತು ಹಿಂದಿರುಗಿದರು; ಉಳಿದವರೂ ಸುತ್ತಲಿನ ರೈತರೂ ಬೆಳೆಸಿದ ಆ ತೋಟಗಳು ಇಂದು ಜಪಾನಿನ ಅತಿ ದೊಡ್ಡ ಚಹಾ ಪ್ರದೇಶಗಳಲ್ಲಿ ಒಂದು.