ಟೇಬಲ್ ಮಾಡೋಣ ಅಂದ, ಮಾಡಿಬಿಟ್ಟೆವು

ಪುಣೆ, ಹಿಂಜವಡಿ ಫೇಸ್ ಟು. ಗುರುವಾರ ರಾತ್ರಿ ಎಂಟರ ಕಾಲ್. ಮುಗಿಯುವ ಹೊತ್ತಿಗೆ ಮೈಗ್ರೇಶನ್, ಅಂದರೆ ಹಳೆ ಸಿಸ್ಟಮ್‌ನಿಂದ ಹೊಸದಕ್ಕೆ ಎಲ್ಲ ಸಾಗಿಸುವ ವಿಷಯ ಬಂತು. ಅಮೆರಿಕದ ಕ್ಲೈಂಟ್ "ಲೆಟ್ಸ್ ಟೇಬಲ್ ದಿಸ್" ಅಂದವನೇ ಕಾಲ್ ಬಿಟ್ಟ.

ನಾನು ಅದಕ್ಕೂ ಮೊದಲು ಆರು ವರ್ಷ ಲಂಡನ್ ಕ್ಲೈಂಟ್‌ನ ಕೆಲಸದಲ್ಲಿದ್ದವನು. ಅಲ್ಲಿ ಟೇಬಲ್ ಮಾಡು ಅಂದರೆ ಚರ್ಚೆಗೆ ತಾ ಅಂತ. ನಮ್ಮಲ್ಲೂ ಅಷ್ಟೇ ಅಲ್ವಾ? ಸದನದಲ್ಲಿ ಬಿಲ್ ಟೇಬಲ್ ಆಯ್ತು ಅಂದರೆ ಮಂಡನೆ ಆಯ್ತು ಅಂತಲೇ ಅರ್ಥ. ಹಾಗಾಗಿ ನಾಳೆಯೇ ಪ್ಲ್ಯಾನ್ ಬೇಕು ಅಂದುಕೊಂಡೆ.

ಟೀಮಿಗೆ ಹೊಸದಾಗಿ ಬಂದ ವಿಜಯಪುರದ ಹುಡುಗಿ ಮೆಲ್ಲಗೆ ಕೇಳಿದಳು, "ಅಣ್ಣಾರ, ಅಂವಾ ಬ್ಯಾಡ ಅಂದಂಗ ಇತ್ತಲ್ರಿ?"

"ಸುಮ್ನಿರವ್ವ, ಇಂಥ ಕ್ಲೈಂಟ್‌ಗಳನ್ನ ಬೇಕಾದಷ್ಟು ನೋಡೀನಿ" ಅಂದೆ. ಈ ಮಾತು ಈಗಲೂ ಚುಚ್ಚುತ್ತದೆ.

ನಾಲ್ಕು ಜನ ಕೂತೆವು. ಎರಡು ಡ್ರೈ ರನ್ ಅಂದರೆ ತಾಲೀಮು, ಕೆಟ್ಟರೆ ಹಿಂದಕ್ಕೆ ತರುವ ರೋಲ್‌ಬ್ಯಾಕ್ ಸ್ಕ್ರಿಪ್ಟ್, ಹಂತ ಹಂತವಾಗಿ ಬರೆದಿಟ್ಟ ರನ್‌ಬುಕ್. ಎರಡನೇ ಡ್ರೈ ರನ್ ಹನ್ನೆರಡಕ್ಕೆ ಕೈಕೊಟ್ಟಿತು, ಮತ್ತೆ ಮೊದಲಿನಿಂದ. ಮನೆ ಸೇರಿದಾಗ ಬೆಳಗಿನ ನಾಲ್ಕು.

ಶುಕ್ರವಾರ ಸ್ಕ್ರೀನ್ ಶೇರ್ ಮಾಡಿ ಮೂರನೇ ಸ್ಲೈಡಿಗೆ ಬಂದಿದ್ದೆ. ಆ ಕಡೆ ಒಂದು ಸದ್ದೂ ಇಲ್ಲ. ನನ್ನ ನೆಟ್ ಹೋಯ್ತೇನೋ ಅಂತ "ಕೇಳ್ತಿದೆಯಾ?" ಅಂದೆ. ಕೇಳ್ತಿದೆ, ಆದರೆ ಇದನ್ನ ನಿನ್ನೆಯೇ ಟೇಬಲ್ ಮಾಡಿದೆವಲ್ಲ ಅಂದ. ಹೌದು, ಅದಕ್ಕೇ ತಂದಿದ್ದೀವಿ ಅಂದೆ. ಮತ್ತೆ ಮೌನ. ಚಾಟ್‌ನಲ್ಲಿ ಮ್ಯಾನೇಜರ್‌ದು ಬರೀ ಮೂರು ಪ್ರಶ್ನಾರ್ಥಕ ಚಿಹ್ನೆ. ಕಿವಿ ಬಿಸಿಯಾಯಿತು, ಸ್ಲೈಡ್ ಮುಂದೆ ಹೋಗಲಿಲ್ಲ. ಕೊನೆಗೆ ಆ ಮನುಷ್ಯನೇ ನಿಧಾನವಾಗಿ ಬಿಡಿಸಿ ಹೇಳಿದ: ಅವರಲ್ಲಿ ಟೇಬಲ್ ಮಾಡುವುದು ಅಂದರೆ ಸದ್ಯಕ್ಕೆ ಬದಿಗಿಡುವುದು.

ಅವತ್ತು ನಿದ್ದೆ ಬರಲಿಲ್ಲ, ಹುಡುಕುತ್ತಾ ಕೂತೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಇದೇ ಶಬ್ದಕ್ಕೆ ಬ್ರಿಟಿಷ್ ಮತ್ತು ಅಮೆರಿಕನ್ ಸೇನಾ ಅಧಿಕಾರಿಗಳೇ ಜಗಳಾಡಿದ್ದರಂತೆ. ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ಬ್ರಿಟಿಷರು ತುರ್ತು ಕಾಗದವನ್ನ ಟೇಬಲ್ ಮಾಡಬೇಕು ಅಂದರು. ಅಮೆರಿಕದವರಿಗೆ ಅದು ಡ್ರಾಯರ್‌ಗೆ ಹಾಕಿ ಮರೆಯುವ ಮಾತು. ಬಹಳ ಹೊತ್ತು ಕಿತ್ತಾಡಿದ ಮೇಲೆ ಇಬ್ಬರಿಗೂ ಬೇಕಿದ್ದದ್ದು ಒಂದೇ ಅಂತ ಗೊತ್ತಾಯಿತು. ನಮಗೆ ಆ ಸಮಾಧಾನವೂ ಇಲ್ಲ.

ಸೋಮವಾರ ಮ್ಯಾನೇಜರ್ ಕರೆದು, "ಡೆಡ್‌ಲೈನೇ ಇಲ್ಲದ ಕೆಲಸಕ್ಕೆ ಓವರ್‌ಟೈಮ್ ಹೆಂಗ್ರೀ ಕೊಡೋದು?" ಅಂದರು. ಡೆಡ್‌ಲೈನ್ ಅನ್ನೋ ಶಬ್ದದ ಕಥೆಯನ್ನೂ ಓದಿಬಿಟ್ಟಿದ್ದೆ. 1864ರಲ್ಲಿ, ಅಮೆರಿಕದ ಅಂತರ್ಯುದ್ಧದಾಗ, ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಗೋಡೆಯ ಒಳಗಡೆ ಒಂದು ಗಡಿ ಹಾಕಿದ್ದರು. ಕೈದಿ ಅದನ್ನ ದಾಟಿದರೆ ಕಾವಲುಗಾರ ಗುಂಡು ಹಾರಿಸುತ್ತಿದ್ದ. ಅದೇ ಡೆಡ್‌ಲೈನ್. ಹೇಳೋಣ ಅನ್ನಿಸಿತು, ಅಪ್ರೈಸಲ್ ಹತ್ತಿರವಿತ್ತು, ಬಾಯಿ ಮುಚ್ಚಿಕೊಂಡೆ. ವರ್ಷಕ್ಕೆರಡು ಸಲ ಕಮ್ಯುನಿಕೇಶನ್ ಟ್ರೈನಿಂಗ್ ಕೊಡುತ್ತಾರೆ. ಮೇಲ್ ಕೊನೆಗೆ ವಾರ್ಮ್ ರಿಗಾರ್ಡ್ಸೋ, ಬರೀ ರಿಗಾರ್ಡ್ಸೋ ಅಂತ ಅರ್ಧ ದಿನ. ಇಂಥದ್ದೊಂದೂ ಇಲ್ಲ.

ಮುಂದಿನ ಗುರುವಾರ ಅದೇ ಕಾಲ್. ಈ ಸಲ ಆಸಾಮಿ "ಲೆಟ್ಸ್ ಪುಟ್ ಎ ಪಿನ್ ಇನ್ ಇಟ್" ಅಂದ. ಚಾಟ್‌ನಲ್ಲಿ ವಿಜಯಪುರದ ಹುಡುಗಿ: "ಅಣ್ಣಾರ, ಇದು ಚುಚ್ಚೂದೋ, ಬಿಡೂದೋ?"

ಅನ್‌ಮ್ಯೂಟ್ ಮಾಡಿ ಕೇಳಿಯೇ ಬಿಟ್ಟೆ. ನಗುತ್ತಾ, ಮುಂದಿನ ತಿಂಗಳು ನೋಡೋಣ ಅಂತ ಅರ್ಥ ಅಂದ. ಒಂಬತ್ತರ ಕ್ಯಾಬ್ ಸಿಕ್ಕಿತು.