ಫೋಟೋದಲ್ಲಿ ಕಾಣದ ಹಳ್ಳದ ಹೆಸರು

ಕಳೆದ ಸೆಪ್ಟೆಂಬರಿನಲ್ಲಿ ನೆವಾಡಾದ ಎಲ್ಕೋ ಕೌಂಟಿಯಲ್ಲಿ ಒಂದು ಇಡೀ ದಿನ ಹಳೆಯ ನಕ್ಷೆ ನಂಬಿಕೊಂಡು ನಡೆದೆ. ಅಮೆರಿಕದ ಭೂವಿಜ್ಞಾನ ಇಲಾಖೆ 1950ರ ದಶಕದಲ್ಲಿ ಅಚ್ಚು ಹಾಕಿದ ಹಾಳೆ. ಅಳತೆ 1:62,500, ಅಂದರೆ ಇಂಚಿಗೆ ಹತ್ತಿರಹತ್ತಿರ ಒಂದು ಮೈಲಿ. ಸುತ್ತ ಮೊಣಕಾಲುದ್ದದ ಬೂದು ಸೇಜ್‌ಬ್ರಷ್ ಪೊದೆ, ಮುಳ್ಳುತಂತಿ ಬೇಲಿ, ದೂರದಲ್ಲಿ ದನ. ಫೋನಿಗೆ ಸಿಗ್ನಲ್ ಇಲ್ಲ.

ಅಪ್ಪ ತಾಲ್ಲೂಕಿನಲ್ಲಿ ಮೋಜಣಿದಾರರು. ನಮ್ಮ ಗುಂಟೆ 33 ಅಡಿ ಉದ್ದ, 33 ಅಡಿ ಅಗಲ. ಈ ಬಯಲನ್ನು ಮೈಲಿ ಚೌಕಗಳಾಗಿ ಕತ್ತರಿಸಿದ್ದು 66 ಅಡಿಯ ಸರಪಳಿ. ಸರಿಯಾಗಿ ಎರಡರಷ್ಟು! ಅದನ್ನು ಯೋಚಿಸಿದಾಗಲೆಲ್ಲ ಈ ನೆಲ ನನಗೆ ಪರಕೀಯ ಅನ್ನಿಸುವುದಿಲ್ಲ.

ಗೇಟಿನ ಬಳಿ ಸಿಕ್ಕ ಮುದುಕರು ಆ ರ‍್ಯಾಂಚಿನವರೇ. ನಕ್ಷೆ ನೋಡುತ್ತಲೇ ಹಳ್ಳವೊಂದರ ಮೇಲೆ ಬೆರಳಿಟ್ಟರು. "ಇದರ ಹೆಸರು ಹೇಳಿದ್ದು ನಮ್ಮಮ್ಮ. ಸರ್ವೆಯವರು ಅಡುಗೆಮನೆಯಲ್ಲೇ ಕೂತು ಬರೆದುಕೊಂಡರು. ನಾನಾಗ ಸಣ್ಣ ಹುಡುಗ."

ಆ ಕಾಲದ ನಕ್ಷೆ ಬಹುಪಾಲು ಆಗುತ್ತಿದ್ದದ್ದು ವಿಮಾನದಿಂದ ತೆಗೆದ ಫೋಟೋಗಳಿಂದ. ಒಂದೇ ಬೆಟ್ಟದ ಎರಡು ಫೋಟೋಗಳನ್ನು ಕೆಂಪು, ನೀಲಿ ಬೆಳಕಿನಲ್ಲಿ ಒಂದರ ಮೇಲೊಂದು ಬೀಳಿಸಿ, ಅದೇ ಬಣ್ಣದ ಕನ್ನಡಕ ಹಾಕಿಕೊಂಡರೆ ಬೆಟ್ಟ ಮೇಜಿನ ಮೇಲೆ ಎದ್ದು ನಿಲ್ಲುತ್ತಿತ್ತು. ಬೆಳಕಿನ ಚುಕ್ಕೆಯೊಂದನ್ನು ಅದರ ಮೈಗೆ ತಾಗಿಸಿಕೊಂಡೇ ಸರಿಸುತ್ತ ಸಮೋನ್ನತಿ ರೇಖೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆ, ಎಳೆಯುತ್ತಿದ್ದರು. ಆದರೆ ಹಳ್ಳಕ್ಕೆ ಊರವರು ಏನೆನ್ನುತ್ತಾರೆ, ಬೇಸಿಗೆಯಲ್ಲಿ ಅದು ಬತ್ತುತ್ತದೆಯೇ ಎನ್ನುವುದು ಯಾವ ಫೋಟೋದಲ್ಲೂ ಇರುವುದಿಲ್ಲ. ಅದಕ್ಕೆ ಯಾರಾದರೂ ಧೂಳು ಕುಡಿದುಕೊಂಡು ಬಂದು ಬಾಗಿಲು ತಟ್ಟಲೇಬೇಕು. ನಕ್ಷೆಯ ಜೀವ ಇರುವುದು ಆ ತಟ್ಟುವಿಕೆಯಲ್ಲಿ ಎಂದೇ ನನ್ನ ನಂಬಿಕೆ.

ಹಳ್ಳವನ್ನು ತುಂಡುಗೆರೆ, ಚುಕ್ಕೆಗಳ ನೀಲಿಯಲ್ಲಿ ಬರೆದಿದ್ದರು, ವರ್ಷವಿಡೀ ಹರಿಯದ್ದು ಎಂದು. ಹೋಗಿ ನೋಡಿದರೆ ಒಣ ಮರಳು. ಮೇಲ್ಗಡೆ ಒರತೆಯ ಗುರುತಿತ್ತು. ಅರ್ಧ ಗಂಟೆ ಹತ್ತಿದ ಮೇಲೆ ಹಸಿರು ಕಂಡಿತು, ಆಮೇಲೆ ದನದ ಗೊರಸಿನ ಗುಂಡಿಗಳು, ಅವುಗಳ ನಡುವೆ ಬೊಗಸೆಯಷ್ಟು ತಣ್ಣೀರು. ಮುಖ ತೊಳೆದುಕೊಂಡೆ. ಗಂಟಲು ಕಟ್ಟಿತು.

ಇಳಿಯುವಾಗ ಬಂಡೆಯೊಂದರಲ್ಲಿ ಬೆಂಚ್‌ಮಾರ್ಕಿನ, ಅಂದರೆ ಸರ್ವೆಯವರು ಎತ್ತರ ಅಳೆದು ಗುರುತಿಟ್ಟ ಜಾಗದ, ಲೋಹದ ಬಿಲ್ಲೆ ಸಿಕ್ಕಿತು, ಅಂಗೈಯಗಲದ್ದು. ಅಕ್ಷರಗಳ ಸಂದಿಯಲ್ಲೆಲ್ಲ ಮಣ್ಣು. ಬಾಂದುಕಲ್ಲು ಸಿಕ್ಕಾಗ ಅಪ್ಪ ಪಂಚೆಯ ತುದಿಯಿಂದ ಒರೆಸುತ್ತಿದ್ದರು. ನಾನು ಅಂಗಿಯ ತೋಳಿನಿಂದ ಒರೆಸಿದೆ.