ಸಾಸ್ವೆ ಘಟ್ಟ ಇಳಿದದ್ದು

ನಮ್ಮ ಶಿರಸಿ ಕಡೆ ಬೆಕ್ಕು ಊರು ಬಿಡುವುದೆಂದರೆ ಗೋಣಿಚೀಲದಲ್ಲಿ. ಹಾಲಿಗೆ ಬಾಯಿ ಹಾಕಿದ ಕಳ್ಳಬೆಕ್ಕನ್ನು ಹೊಳೆಯಾಚೆ ಬಿಟ್ಟು ಬರುತ್ತಿದ್ದರು. ಎಷ್ಟೋ ಸಲ ಅದು ಮರುದಿನ ಬಚ್ಚಲೊಲೆ ಪಕ್ಕ ಹಾಜರ್. ಹಾಗಾಗಿ ಬೆಂಗಳೂರಿಂದ ನಮ್ಮ ಬೆಕ್ಕು ಸಾಸ್ವೆಯನ್ನೂ ಕಾರಲ್ಲಿ ಕರೆತರುತ್ತೇವೆ ಎಂದಾಗ ಆಯಿ ಫೋನಿನಲ್ಲೇ ನಕ್ಕಳು. "ಅದಕ್ಕೂ ಒಂದು ಸೀಟಾ?"

ಸೀಟಲ್ಲ, ಮುಂದಿನ ಸೀಟಿನ ಹಿಂದೆ ಕಾಲಿಡುವ ಜಾಗ. ಅಲ್ಲಿ ಬೆಕ್ಕಿನ ಬಾಸ್ಕೆಟ್ ಗಟ್ಟಿಯಾಗಿ ಕೂರುತ್ತದೆ, ಬ್ರೇಕ್ ಹಾಕಿದರೂ ಜಾರುವುದಿಲ್ಲ. ಹೊರಡುವುದಕ್ಕೆ ವಾರಗಳ ಮೊದಲೇ ಅದನ್ನು ಬಾಗಿಲು ತೆಗೆದು ಹಾಲ್‌ನಲ್ಲಿಟ್ಟು, ನನ್ನ ಹಳೇ ಕಾಟನ್ ಸೀರೆ ಹಾಸಿ, ಅವಳ ಊಟವನ್ನೂ ಅದರೊಳಗೇ ಇಡುತ್ತಿದ್ದೆ. ಹೊರಡುವ ದಿನ ಬೆಳಿಗ್ಗೆ ಮಾತ್ರ ಉಪವಾಸ, ನೀರಷ್ಟೇ.

ನೆಲಮಂಗಲದವರೆಗೂ ಒಂದೇ ಸಮನೆ ಕೂಗಿದಳು. "ಬಿಟ್ಬಿಡೇ ಪಾಪ, ತೊಡೆ ಮೇಲೆ ಮಲಗ್ತದೆ" ಅಂದರು ನಮ್ಮನೆಯವರು. ನಾನು ಜಪ್ಪಯ್ಯ ಅನ್ನಲಿಲ್ಲ. ಹೆದರಿದ ಬೆಕ್ಕು ಕತ್ತಲೆ ಮೂಲೆ ಹುಡುಕುತ್ತದೆ, ಕಾರಿನಲ್ಲಿ ಅಂಥ ಮೂಲೆ ಇರುವುದು ಬ್ರೇಕ್ ಪೆಡಲಿನ ಬುಡದಲ್ಲಿ! ಬಾಸ್ಕೆಟ್ ಮೇಲೆ ತೆಳ್ಳಗಿನ ಟವೆಲ್ ಹೊದಿಸಿದೆ. ದಾಬಸ್‌ಪೇಟೆ ಹೊತ್ತಿಗೆ ಸುಮ್ಮನಾದಳು. ಕೂಗುವ ಬೆಕ್ಕಿಗೆ ನಾನು ಹೆದರುವವಳಲ್ಲ. ಜೊಲ್ಲು ಸುರಿಸಿ ತುಟಿ ನೆಕ್ಕತೊಡಗಿದರೆ, ಬಾಯಿ ತೆರೆದು ಏದುಸಿರು ಬಿಟ್ಟರೆ ಮಾತ್ರ ಎದೆ ಹೊಡೆದುಕೊಳ್ಳುತ್ತದೆ.

ಹಿರಿಯೂರು, ಚಿತ್ರದುರ್ಗದ ಮೇ ತಿಂಗಳ ಬಿಸಿಲಿನಲ್ಲಿ ನಿಲ್ಲಿಸಿದ ಕಾರೆಂದರೆ ಒಲೆಯೇ. ಹಾಗಾಗಿ ಇಬ್ಬರೂ ಒಟ್ಟಿಗೆ ಹೋಟೆಲಿಗೆ ಹೋಗಲಿಲ್ಲ. ಒಬ್ಬರು ಎಸಿ ಹಾಕಿಕೊಂಡು ಕಾವಲು. ದಾವಣಗೆರೆಯ ಬೆಣ್ಣೆದೋಸೆ ಪಾರ್ಸೆಲ್ ಆಗಿ ಬಂತು. ಪಾರ್ಸೆಲ್ ದೋಸೆಯನ್ನು ನಾನು ದೋಸೆ ಅಂತ ಒಪ್ಪುವುದಿಲ್ಲ. ನಿಲ್ಲಿಸಿದಾಗೆಲ್ಲ ಗಾಜು ಏರಿಸಿ ಮರಳಿನ ಟ್ರೇ ಇಟ್ಟೆವು, ಮಹಾರಾಣಿ ಮೂಸಿಯೂ ನೋಡಲಿಲ್ಲ. ನಾನೂರು ಕಿಲೋಮೀಟರ್ ತಡೆದುಕೊಂಡು ಶಿರಸಿಯಲ್ಲೇ ಮುಗಿಸಿದಳು.

ಮರುದಿನ ಕುಮಟೆಗೆ, ಅತ್ತೆ ಮನೆಗೆ. ದೂರ ಅರವತ್ತೇ ಕಿಲೋಮೀಟರ್, ಆದರೆ ನಡುವೆ ದೇವಿಮನೆ ಘಟ್ಟ. ಆ ತಿರುವುಗಳಲ್ಲಿ ಮನುಷ್ಯರೇ ಪ್ಲಾಸ್ಟಿಕ್ ಚೀಲ ಹಿಡಿದು ಕೂತಿರುತ್ತಾರೆ. ಪಕ್ಕದ ಮನೆಯವರು ನಮ್ಮ ವಾಂತಿ ಮಾತ್ರೆಯಲ್ಲೇ ಕಾಲು ಭಾಗ ಕೊಡಿ ಎಂದಿದ್ದರು. ನಮ್ಮ ಔಷಧಿ ಡಬ್ಬಿ ಬೆಕ್ಕಿಗಲ್ಲ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಕೂಡ ಅದರ ಜೀವ ತೆಗೆಯಬಲ್ಲದು. ಪಶುವೈದ್ಯರು ಅವಳ ತೂಕ ನೋಡಿ, ಪ್ರಯಾಣದ ಹೆದರಿಕೆ ತಗ್ಗಿಸುವ ಗ್ಯಾಬಪೆಂಟಿನ್ ಬರೆದುಕೊಟ್ಟಿದ್ದರು. ಅದನ್ನೂ ಮೊದಲು ಮನೆಯಲ್ಲೇ ಕೊಟ್ಟು ನೋಡಿದ್ದೆವು. ಸ್ವಲ್ಪ ತೂರಾಡಿ ಮಲಗಿದ್ದಳು, ಅಷ್ಟೇ.

ದೇವಿಮನೆಯ ದೇವಸ್ಥಾನಕ್ಕೆ ಕೈಮುಗಿದು, ಎರಡನೇ ಗೇರಿನಲ್ಲಿ ಇಳಿದೆವು. ಜೊಲ್ಲು ಬಂತು, ವಾಂತಿ ಬರಲಿಲ್ಲ.

ಕುಮಟೆಯಲ್ಲಿ ಒಂದು ಕೋಣೆ ಅವಳಿಗೇ ಬಿಟ್ಟು ಬಾಗಿಲು ಹಾಕಿದ್ದೇವೆ: ಟ್ರೇ, ನೀರು, ಅದೇ ಸೀರೆ. ಹೊಸ ಜಾಗದಲ್ಲಿ ಹೊರಗೆ ಬಿಟ್ಟರೆ ದಿಕ್ಕು ತಪ್ಪಿ ಹೋಗುತ್ತದೆ. ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತವರು ಬೀದಿಯಲ್ಲಿ ಕೂಗಿದರೆ ಕಿಟಕಿಗೆ ಹಾರಿ ಕೂರುತ್ತಾಳೆ. ಸಸ್ಯಾಹಾರಿ ಅತ್ತೆಗೆ ಇದೊಂದು ಸಂಕಟ.

ವಾಪಸ್ ಹೋಗಲು ಯಾವುದಾದರೊಂದು ಘಟ್ಟ ಹತ್ತಲೇಬೇಕು. ಅರಬೈಲಿನಲ್ಲಿ ಹೋಗೋಣ ಅನ್ನುತ್ತಾರೆ ಇವರು. ಲಾರಿ ಸಾಲಿನ ಹಿಂದೆ ತೆವಳುತ್ತ ಹೊಗೆ ಕುಡಿಯುವುದಕ್ಕಾ? ನನ್ನ ಓಟು ದೇವಿಮನೆಗೆ, ಆಯಿ ಮನೆಯಲ್ಲಿ ಇನ್ನೊಂದು ರಾತ್ರಿಯೂ ಸಿಗುತ್ತದೆ.